ಬಾವನ ಕೆನ್ನೆ

ನಮ್ಮ ಕಡೆ ಮದುವೆಯಾದ ಗಂಡಸಿನ ಮುಖ ಅವನ ಸ್ವಂತದ್ದಲ್ಲ. ಅದು ಅವನ ಹೆಂಡತಿಯ ಮಾರ್ಕ್ಸ್ ಕಾರ್ಡು. ಕೆನ್ನೆ ತುಂಬಿದ್ದರೆ ‘ಪರವಾಗಿಲ್ಲ, ಚೆನ್ನಾಗಿ ನೋಡ್ಕೋತಾಳೆ’ ಅನ್ನುತ್ತಾರೆ. ಕೆನ್ನೆ ಇಳಿಯಿತೋ, ಅವನಿಗೆ ಆಫೀಸಿನಲ್ಲಿ ಏನು ಕಷ್ಟ, ಎಷ್ಟು ಬೀಡಿ ಸೇದುತ್ತಾನೆ ಅಂತ ಯಾರೂ ಕೇಳುವುದಿಲ್ಲ. ಸೀದಾ ಅಡುಗೆಮನೆ ಕಡೆ ನೋಡುತ್ತಾರೆ. ಹೆಂಡತಿಯ ಕೆನ್ನೆ ಇಳಿದರೆ ಗಂಡನ ಕಡೆ ಯಾರೂ ಹಾಗೆ ನೋಡುವುದಿಲ್ಲ, ಅದು ಬೇರೆ ಮಾತು. ಇದನ್ನೆಲ್ಲ ನಾನು ಪುಸ್ತಕ ಓದಿ ತಿಳಿದದ್ದಲ್ಲ. ನನ್ನ ಅಕ್ಕ ರಂಗಲಕ್ಷ್ಮಮ್ಮನ ಮನೆಯಲ್ಲಿದ್ದುಕೊಂಡು ಕಣ್ಣಾರೆ ಕಂಡದ್ದು.

ನಾವು ಗುಬ್ಬಿ ತಾಲ್ಲೂಕಿನ ಹಾಗಲವಾಡಿಯವರು. ಅವ್ವ ಹೊಲಕ್ಕೆ ಹೋದರೆ ಒಲೆ ಮುಂದೆ ಕೂರುತ್ತಿದ್ದವಳು ಅಕ್ಕನೇ. ಅವಳಿಗೆ ಓದು ಹತ್ತಲಿಲ್ಲ. ಆದರೆ ಹೊಸ್ತಿಲು ದಾಟಿ ಬಂದವರ ಮುಖ ನೋಡಿ ಅವರು ಉಂಡಿದ್ದಾರೋ ಇಲ್ಲವೋ ಹೇಳಿಬಿಡುತ್ತಿದ್ದಳು. ಯಾರಾದರೂ ಅವಳು ಬಡಿಸಿದ ಮುದ್ದೆಯಲ್ಲಿ ಅರ್ಧ ಬಿಟ್ಟು ಎದ್ದರೆ ಸಂಜೆವರೆಗೂ ಮಂಕಾಗಿರುತ್ತಿದ್ದಳು. ಎಪ್ಪತ್ತನಾಲ್ಕರಲ್ಲಿ ಅವಳನ್ನು ಗೂಳೂರಿನ ಅಂಜಿನಪ್ಪನವರಿಗೆ ಕೊಟ್ಟು ಮದುವೆ ಮಾಡಿದರು. ಬಾವ ಗುಬ್ಬಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಸಂಸಾರ ಹೂಡಿದ್ದು ತುಮಕೂರಿನ ಸದಾಶಿವನಗರದ ಬಾಡಿಗೆ ಮನೆಯಲ್ಲಿ. ತಂಗಿಯಾದ ನಾನು ಕಾಲೇಜು ಸೇರಿದಾಗ ಅವರ ಜೊತೆಯಲ್ಲೇ ಉಳಿದೆ.

ಅಕ್ಕನಿಗೆ ಆಗಿನ್ನೂ ಮಕ್ಕಳಾಗಿರಲಿಲ್ಲ. ಅದಕ್ಕೋ ಏನೋ, ಬಂದವರನ್ನೆಲ್ಲ ಮಕ್ಕಳ ಹಾಗೆ ಕೂರಿಸಿ ಉಣ್ಣಿಸುತ್ತಿದ್ದಳು. ಬಾವನ ತಾಯಿ ಹನುಮಮ್ಮ ಗೂಳೂರಿನಿಂದ ತುಮಕೂರಿನ ಸಂತೆಗೆ ಬಂದಾಗಲೆಲ್ಲ ನಮ್ಮ ಮನೆಗೆ ಬಂದು, ‘ಬಸ್ಸಾರು ತಿಂದ್ರೆ ನಮ್ಮ ರಂಗಮ್ಮನ ಕೈಲಿ ತಿನ್ಬೇಕು ಕಣವ್ವ’ ಅಂತ ಅಕ್ಕಪಕ್ಕದವರಿಗೂ ಕೇಳುವಂತೆ ಹೇಳುತ್ತಿದ್ದಳು. ಅಕ್ಕ ಒಳಗೆ ಹೋಗಿ ನಗುತ್ತಿದ್ದಳು. ಆ ಮಾತಿಗಿಂತ ದೊಡ್ಡ ಒಡವೆ ಅವಳಿಗೆ ಬೇಕಿರಲಿಲ್ಲ. ಬಾವನೂ ಒಳ್ಳೇ ಜಾಹೀರಾತಿನ ಹಾಗಿದ್ದರು. ನಕ್ಕರೆ ಕೆನ್ನೆ ಮೇಲೆದ್ದು ಕಣ್ಣೇ ಮುಚ್ಚಿಹೋಗುತ್ತಿತ್ತು.

ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ ಬಾವ ಗುಬ್ಬಿ ಬಸ್ಸು ಹಿಡಿಯಲು ಓಡಿ, ಬಸ್ ಸ್ಟ್ಯಾಂಡಿನಲ್ಲೇ ಎದೆ ಹಿಡಿದುಕೊಂಡು ಕೂತುಬಿಟ್ಟರು. ಡಾಕ್ಟರು ನೋಡಿ, ಬಿ.ಪಿ. ಇದೆ, ತೂಕ ವಿಪರೀತ, ಮೊದಲು ನಡೆಯಿರಿ, ಆಮೇಲೆ ನಿಧಾನವಾಗಿ ಓಡಿ ಅಂದರು. ಬಾವ ಮೇಲಿನವರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಜಾತಿ. ಖಾಕಿ ಚಡ್ಡಿ, ಕ್ಯಾನ್ವಾಸ್ ಶೂ ತಂದರು. ಬೆಳಕು ಹರಿಯುವ ಮುಂಚೆ, ಬೇಸಿಗೆಯಲ್ಲೂ ಮಂಕಿ ಕ್ಯಾಪು ಹಾಕಿಕೊಂಡು ಮೈದಾನಕ್ಕೆ ಹೋಗುತ್ತಿದ್ದರು. ಯಾರೂ ಗುರುತು ಹಿಡಿಯಬಾರದಲ್ಲ! ಹಿಂದೆ ಪೊಲೀಸೂ ಇಲ್ಲದೆ, ನಾಯಿಯೂ ಇಲ್ಲದೆ, ಮದುವೆಯಾದ ಗಂಡಸು ಚಡ್ಡಿಯಲ್ಲಿ ಓಡುವುದನ್ನು ಆ ಕಾಲದಲ್ಲಿ ನಮ್ಮ ಜನ ಕಂಡಿರಲಿಲ್ಲ.

‘ಅವ್ವಂಗೆ ಹೇಳ್ಬೇಡಿ’ ಅಂತ ನಮ್ಮಿಬ್ಬರ ಹತ್ತಿರ ಮಾತು ತೆಗೆದುಕೊಂಡರು. ಅವರ ಅಪ್ಪ ಹೀಗೇ ಎದೆ ಹಿಡಿದುಕೊಂಡು ಹೋದವರು. ಅವ್ವ ಹೆದರುತ್ತಾಳೆ ಅನ್ನುವುದು ಅವರು ಕೊಟ್ಟ ಕಾರಣ. ನನ್ನ ಕೇಳಿದರೆ ಅರ್ಧ ಕಾರಣ ಆ ಚಡ್ಡಿ. ಅಕ್ಕ ಹೂಂ ಅಂದಳು, ಆಮೇಲೆ ಏನೇ ಬಂದರೂ ಆ ಮಾತು ಮುರಿಯಲಿಲ್ಲ.

ಮುಂದಿನ ಯುಗಾದಿ ಹೊತ್ತಿಗೆ ಬಾವ ಬೇರೆ ಮನುಷ್ಯರಾಗಿದ್ದರು. ಹೊಟ್ಟೆ ಕರಗಿತು, ಉಸಿರು ಹಗುರಾಯಿತು, ಡಾಕ್ಟರು ಬೆನ್ನು ತಟ್ಟಿದರು. ಆದರೆ ಮೈಯ ಕೊಬ್ಬು ನಮ್ಮನ್ನು ಕೇಳಿಕೊಂಡು ಕರಗುವುದಿಲ್ಲ. ಹೊಟ್ಟೆಯದು ಹೋಗುವ ಮುಂಚೆಯೇ ಕೆನ್ನೆಯದು ಹೋಗಿತ್ತು. ದವಡೆ ಮೂಳೆ ಎದ್ದಿತು, ಕಣ್ಣು ಒಳಗೆ ಹೋಯಿತು, ಬಾಯಿಯ ಎರಡು ಕಡೆ ಗೆರೆ ಬಿತ್ತು. ಹಿಂದಿನಿಂದ ನೋಡಿದರೆ ಕಾಲೇಜು ಹುಡುಗ. ಮುಂದಿನಿಂದ ನೋಡಿದರೆ ಆಗತಾನೇ ಆಸ್ಪತ್ರೆಯಿಂದ ಬಿಟ್ಟು ಕಳಿಸಿದವರ ಹಾಗೆ. ಜನ ಯಾರನ್ನೂ ಹಿಂದಿನಿಂದ ನೋಡಿ ಮಾತಾಡಿಸುವುದಿಲ್ಲವಲ್ಲ.

ಆ ಬೇಸಿಗೆಯಲ್ಲಿ ಕುಣಿಗಲ್‌ನಲ್ಲಿ ನೆಂಟರ ಮದುವೆ. ಬಾವ ತುಂಬುತೋಳಿನ ಅಂಗಿ, ಪಂಚೆಯಲ್ಲಿದ್ದರು. ಗಟ್ಟಿಯಾಗಿದ್ದ ಮೈಯೆಲ್ಲ ಬಟ್ಟೆಯೊಳಗೆ, ಬತ್ತಿದ ಮುಖವೊಂದೇ ಹೊರಗೆ. ‘ಯಾಕ್ಲಾ ಅಂಜಿನಿ, ಇಂಗಾಗೋಗಿದ್ದೀಯಾ?’ ಅಂತ ಒಬ್ಬರಾದ ಮೇಲೆ ಒಬ್ಬರು ಕೇಳಿದರು. ಬಾವ ‘ಏನಿಲ್ಲ, ಚೆನ್ನಾಗಿದೀನಿ’ ಅಂದರು. ಅಷ್ಟು ಹೇಳಿ ಸುಮ್ಮನಾಗುವುದು ಇದೆಯಲ್ಲ, ಅದೇ ಕುತ್ತು ತಂದಿತು. ಚೆನ್ನಾಗಿರುವವನ ಕೆನ್ನೆ ಯಾಕೆ ಬತ್ತುತ್ತದೆ ಅಂತ ಹೆಂಗಸರೆಲ್ಲ ಅಕ್ಕನ ಕಡೆ ತಿರುಗಿದರು. ಊಟದ ಪಂಕ್ತಿಯಲ್ಲಿ ಯಾರೋ ಆ ಮಾತು ಆಡಿದರು: ಮದ್ದು.

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಗಂಡ ತನ್ನ ಮಾತು ಮೀರದಿರಲಿ ಅಂತ ಕೆಲವು ಹೆಂಗಸರು ಅನ್ನದಲ್ಲಿ ಏನನ್ನೋ ಬೆರೆಸಿ ಇಕ್ಕುತ್ತಾರೆ, ಅದು ಹೊಟ್ಟೆಯಲ್ಲಿ ಗಂಟಾಗಿ ಕೂತು ಮನುಷ್ಯನನ್ನು ಒಳಗೊಳಗೇ ಒಣಗಿಸುತ್ತದೆ ಅಂತ ನಮ್ಮ ಕಡೆ ನಂಬಿಕೆ. ಕಂಡವರು ಯಾರೂ ಇಲ್ಲ, ನಂಬದವರೂ ಇಲ್ಲ. ಮದ್ದಿನ ಕೈ ಅಂತ ಒಬ್ಬಳಿಗೆ ಹೆಸರು ಬಿತ್ತೋ, ಅವಳ ಮನೆಯಲ್ಲಿ ಜನ ನೀರು ಮುಟ್ಟುವುದಿಲ್ಲ. ಅವಳ ತಂಗಿಯರಿಗೆ ಗಂಡು ಸಿಗುವುದಿಲ್ಲ. ಮುದುಕಿಯಾದರೂ ಆ ಹೆಸರು ಅಳಿಯುವುದಿಲ್ಲ.

ಅದಾದ ಮೇಲಿನ ಸಂತೆಯ ದಿನ ಹನುಮಮ್ಮ ಬಂದಳು. ಅಕ್ಕ ಎಲೆ ಹಾಕಿ ಬಸ್ಸಾರು ಬಡಿಸಲು ನಿಂತರೆ, ‘ಇವತ್ತು ಒಪ್ಪತ್ತು ಕಣಮ್ಮ’ ಅಂದಳು. ಮುಂದಿನ ಸಲ ಹೊಟ್ಟೆ ಸರಿಯಿಲ್ಲ ಅಂದಳು. ಅದರ ಮುಂದಿನ ಸಲ ಮನೆಯಿಂದಲೇ ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು ಬಂದಿದ್ದಳು. ಬಿಸಿಲಲ್ಲಿ ನಡೆದು ಬಂದವಳು, ಅಕ್ಕ ಕೊಟ್ಟ ನೀರಿನ ಚೊಂಬನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ತುಟಿಗೆ ಸೋಕಿಸದೆ ಕೆಳಗಿಟ್ಟಳು. ಅಕ್ಕನಿಗೆ ಆಗ ಅರ್ಥವಾಯಿತು. ಅವಳು ಅಳಲಿಲ್ಲ. ಆ ನೀರನ್ನು ತೆಗೆದುಕೊಂಡು ಹೋಗಿ ತಾನೇ ಕುಡಿದಳು.

ನನಗೆ ಮಾತ್ರ ತಡೆಯಲಿಲ್ಲ. ‘ಬಾವ, ಇವತ್ತೇ ಗೂಳೂರಿಗೆ ಹೋಗಿ ಹೇಳಿ. ಓಡ್ತಿದ್ದೀನಿ, ಅದಕ್ಕೇ ಹಿಂಗಾಗಿದೀನಿ ಅಂತ. ಅದಕ್ಕೇನು ಬಾಯಿ ನೋಯುತ್ತಾ?’ ಅಂದೆ.

‘ಹೇಳ್ತೀನಿ ಬುಡು, ಸಮಯ ಬರ್ಲಿ’ ಅಂದರು. ಗುಮಾಸ್ತರ ಬುದ್ಧಿ. ಫೈಲಿನ ಹಾಗೆ ಮಾತನ್ನೂ ಕಟ್ಟಿ ಇಟ್ಟರು.

ಸಮಯ ಬಂತು, ಆದರೆ ಬಾವನನ್ನು ಕೇಳಿಕೊಂಡು ಬರಲಿಲ್ಲ. ಹನುಮಮ್ಮ ಕುಣಿಗಲ್‌ನಿಂದ ತನ್ನ ತಮ್ಮ ಕಾಳಯ್ಯನನ್ನು ಕರೆಸಿದಳು. ಕಾಳಯ್ಯ ಹಳೇ ಪೈಲ್ವಾನರು. ಅರವತ್ತರ ವಯಸ್ಸಿನಲ್ಲೂ ತಲೆಗಿಂತ ಕುತ್ತಿಗೆ ದಪ್ಪ. ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಎರಡು ಕಿವಿಯೂ ಮುದುರಿ ಗಂಟಾಗಿದ್ದವು. ಕೆನ್ನೆಯಲ್ಲಿ ಒಂದು ಗೆರೆಯಿಲ್ಲ. ಆರೋಗ್ಯ ಅಂದರೆ ಹೀಗಿರಬೇಕು ಅಂತ ಇಡೀ ವಂಶ ಆ ಮುಖವನ್ನೇ ತೋರಿಸುತ್ತಿತ್ತು. ಅವರು ಹನುಮಮ್ಮನ ಜೊತೆ ನೇರವಾಗಿ ಸದಾಶಿವನಗರದ ಮನೆಗೆ ಬಂದು, ಕೂರದೆ, ‘ನಡೀಲಾ, ಮದ್ದು ತೆಗೆಸ್ಕೊಂಡು ಬರಾನ’ ಅಂದರು.

ಆಗ ಬಾವ ಬಾಯಿ ಬಿಟ್ಟರು. ‘ಮಾವ, ಮದ್ದೂ ಇಲ್ಲ ಏನೂ ಇಲ್ಲ. ನಾನು ದಿನಾ ಓಡ್ತಿದೀನಿ. ಅದಕ್ಕೆ ಇಳಿದಿರೋದು’ ಅಂದರು.

ಕಾಳಯ್ಯ ನಕ್ಕುಬಿಟ್ಟರು. ‘ಓಡಿದ್ರೆ ಕಾಲು ಸಣ್ಣಗಾಗ್ಬೇಕು ಕಣ್ಲಾ. ಕೆನ್ನೆ ಯಾಕ್ಲಾ ಸಣ್ಣಗಾಯ್ತದೆ? ಕೆನ್ನೇಲಿ ಓಡಿದ್ಯಾ?’

ಬಾಗಿಲ ಹತ್ತಿರ ನಿಂತಿದ್ದ ಹನುಮಮ್ಮ ಸೆರಗು ಬಾಯಿಗೆ ಹಿಡಿದು ಅತ್ತಳು. ‘ನೋಡ್ದೇನೋ ಕಾಳ? ಮದ್ದು ತಿಂದೋರು ಹೆಂಡ್ತಿ ಹೇಳ್ಕೊಟ್ಟಿದ್ದನ್ನೇ ಆಡೋದು. ಚಡ್ಡಿ ಹಾಕ್ಕೊಂಡು ಓಡ್ತಾನಂತೆ ನನ್ ಮಗ!’

ಸುಮ್ಮನಿದ್ದರೆ ಮದ್ದು, ನಿಜ ಹೇಳಿದರೂ ಮದ್ದು. ಬಾವ ಅಕ್ಕನ ಮುಖ ನೋಡಿದರು. ಅಕ್ಕ, ‘ಹೋಗಿ ಬನ್ನಿ. ಇಲ್ಲಾಂದ್ರೆ ನಾನೇ ತಡೆದೆ ಅಂತಾರೆ’ ಅಂದಳು.

ಕುಣಿಗಲ್ ಆಚೆಯ ಯಾವುದೋ ಹಳ್ಳಿಯಲ್ಲಿ ಒಬ್ಬ ಮುದುಕಿ ಬಾವನಿಗೆ ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿದಳಂತೆ. ಬೂದಿಯಲ್ಲಿ ಹೊರಳಿಸಿದ ಏನೋ ಒಂದು ಉಂಡೆ ತೋರಿಸಿ ‘ಬಿತ್ತು’ ಅಂದಳಂತೆ. ಕಾಳಯ್ಯ ಅಷ್ಟಕ್ಕೇ ಬಿಡಲಿಲ್ಲ. ಬಾವನ ಕೈಲಿ ರಜಾ ಹಾಕಿಸಿ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ದಿನಾ ಬೆಳಿಗ್ಗೆ ಗರಡಿಮನೆ. ದಂಡ, ಬಸ್ಕಿ, ಗದೆ ತಿರುಗಿಸುವುದು. ಆಮೇಲೆ ಹಾಲು, ಬಾದಾಮಿ, ತುಪ್ಪ. ‘ಓಡೋ ಕೆಲ್ಸ ಕುದುರೇದು ಕಣ್ಲಾ. ನಮ್ಮೂರ ಕುದುರೆ ಮುಖ ನೋಡಿದೀಯಾ? ಬರೀ ಮೂಳೆ. ಕಸರತ್ತು ಮಾಡಿದ್ರೆ ಮುಖಕ್ಕೆ ರಕ್ತ ಏರ್ಬೇಕು’ ಅಂತ ಅವರ ಸಿದ್ಧಾಂತ. ಅದು ಪೂರ್ತಿ ಸುಳ್ಳೂ ಅಲ್ಲ. ಬಾವನ ಭುಜ ಅಗಲವಾಯಿತು, ಕುತ್ತಿಗೆ ದಪ್ಪವಾಯಿತು, ತುಪ್ಪ ಕೆನ್ನೆಗೆ ಬಂದು ಕೂತಿತು. ಬಾವನ ಜಾಗದಲ್ಲಿ ನಾನೇ ಇದ್ದಿದ್ದರೂ ಕನ್ನಡಿ ನೋಡಿ ಖುಷಿಪಡುತ್ತಿದ್ದೆ.

ದಸರಾ ಕಳೆದ ಮೇಲೆ ವಾಪಸು ಬಂದರು. ಅಂಗಿಯ ಕಾಲರಿನ ಗುಂಡಿ ಹಾಕಲು ಆಗುತ್ತಿರಲಿಲ್ಲ. ಗೂಳೂರಿನಲ್ಲಿ ಹನುಮಮ್ಮ ಮನೆಮನೆಗೆ ಸಕ್ಕರೆ ಹಂಚಿದಳು. ಹಂಚಿದ ಒಂದೊಂದು ಚಮಚ ಸಕ್ಕರೆಯೂ ಅಕ್ಕನ ಮೇಲೆ ಹೊರಿಸಿದ ಅಪರಾಧದ ಸಾಕ್ಷಿ. ಮದ್ದು ತೆಗೆಸಿದರು, ಮುಖಕ್ಕೆ ಕಳೆ ಬಂತು. ಅಂದಮೇಲೆ ಮದ್ದು ಇದ್ದದ್ದು ನಿಜ ತಾನೇ? ಅಲ್ಲಿಯವರೆಗೆ ಗುಸುಗುಸು ಅನ್ನುತ್ತಿದ್ದವರು ಈಗ ಬಾಯಿಬಿಟ್ಟೇ ಅನ್ನತೊಡಗಿದರು. ನನ್ನನ್ನು ನೋಡಲು ಬರಬೇಕಿದ್ದ ಗುಬ್ಬಿಯ ಒಂದು ಗಂಡಿನ ಕಡೆಯವರು ಬರಲೇ ಇಲ್ಲ. ನನಗೆ ಅದರ ದುಃಖವಿರಲಿಲ್ಲ, ಅಕ್ಕನಿಗೆ ಇತ್ತು. ಯಾರೂ ಬರದ ಮನೆಯಲ್ಲಿ ಅವಳು ಸಣ್ಣ ಪಾತ್ರೆಯಲ್ಲಿ ಅಡುಗೆ ಮಾಡುವುದನ್ನು ಕಲಿಯುತ್ತಿದ್ದಳು.

ಬಾವ ಮತ್ತೆ ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು ಬಿಡತೊಡಗಿದರು. ಡಾಕ್ಟರು ಬಿ.ಪಿ. ನೋಡಿ ಬೈದು ಕಳಿಸಿದರು. ಊರೆಲ್ಲ ಹೊಗಳುವ ಮುಖ ಒಳಗೆ ಎಷ್ಟು ಗಟ್ಟಿ ಅನ್ನುವುದು ಆ ಯಂತ್ರಕ್ಕೆ ಗೊತ್ತಿತ್ತು, ಆಮೇಲೆ ನಮ್ಮ ಮೂವರಿಗೆ. ಆವತ್ತು ಮನೆಗೆ ಬಂದು ಬಾವ ಚಡ್ಡಿ ಹುಡುಕಿದರು. ಅಕ್ಕ ಅದನ್ನು ಮಡಿಸಿ ಕೈಯಲ್ಲೇ ಹಿಡಿದುಕೊಂಡು ನಿಂತಿದ್ದಳು.

‘ಓಡಿ. ಆದ್ರೆ ಇಲ್ಲಿ ಬೇಡ’ ಅಂದಳು. ‘ಗೂಳೂರಿಗೆ ಹೋಗಿ ಇರಿ. ನಿಮ್ಮವ್ವನ ಕೈಲಿ ಉಣ್ಣಿ. ಅಲ್ಲಿಂದ್ಲೇ ಆಫೀಸಿಗೆ ಹೋಗಿ. ಬೆಳಕು ಹರಿದ ಮೇಲೆ ಕೆರೆ ಏರಿ ಮೇಲೆ ಎಲ್ರಿಗೂ ಕಾಣೋ ಹಂಗೆ ಓಡಿ. ಟೋಪಿ ಹಾಕ್ಬೇಡಿ. ನಿಮ್ ಮುಖ ಇಳಿಯೋವರ್ಗೂ ನಾನು ಒಂದು ಹಿಡಿ ಚಟ್ನಿಪುಡೀನೂ ಕಳ್ಸಲ್ಲ.’

‘ಊರೋರು ನಗ್ತಾರೆ ಕಣೇ’ ಅಂದರು ಬಾವ.

‘ನಗ್ಲಿ. ನನ್ನ ನೋಡಿ ನೀರು ಕೆಳಗಿಡ್ತಾರೆ. ಯಾವ್ದು ಕಷ್ಟ ನೀವೇ ಹೇಳಿ.’

ಅಕ್ಕ ದನಿ ಏರಿಸಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ಬಾವ ಎದ್ದು ಚೀಲಕ್ಕೆ ಬಟ್ಟೆ ತುಂಬಿದರು. ಎಷ್ಟೋ ತಿಂಗಳಿಂದ ಅವರ ಮೇಲಿದ್ದ ನನ್ನ ಸಿಟ್ಟು ಆವತ್ತು ಸ್ವಲ್ಪ ಇಳಿಯಿತು.

ಎಂಬತ್ತೊಂದರ ಯುಗಾದಿ ಹತ್ತಿರವಿತ್ತು, ಹಬ್ಬ ಮುಗಿಸಿ ಹೋದರು. ಗೂಳೂರಿನವರು ನಕ್ಕರು, ಯಥೇಚ್ಛ ನಕ್ಕರು. ಹುಡುಗರು ಹಿಂದೆ ಹಿಂದೆ ಓಡಿದರು. ಕೆಲವು ದಿನ ಆದ ಮೇಲೆ ಅವರಿಗೂ ಬೇಸರವಾಗಿ ಬಿಟ್ಟರು. ಹನುಮಮ್ಮ ಮೊದಲು ಬಾಗಿಲು ಹಾಕಿಕೊಂಡು ಅತ್ತಳಂತೆ. ಆಮೇಲೆ ತಾನಿರುವಾಗ ಮಗನ ಮುಖ ಹೇಗೆ ಇಳಿಯುತ್ತದೆ ನೋಡೇಬಿಡೋಣ ಅಂತ ಹಟಕ್ಕೆ ಬಿದ್ದಳು. ಮುದ್ದೆ ದೊಡ್ಡದಾಯಿತು, ಮೊಸರು ಗಟ್ಟಿಯಾಯಿತು. ಡಾಕ್ಟರು ಹೇಳಿದ್ದಕ್ಕೆ ಬಾವ ತುಪ್ಪವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅವರು ತಿಂದರು, ಓಡಿದರು. ಶ್ರಾವಣದ ಹೊತ್ತಿಗೆ ಕುತ್ತಿಗೆ ಮತ್ತೆ ಸಪೂರವಾಯಿತು. ಗೌರಿ ಹಬ್ಬಕ್ಕೆ ದವಡೆ ಮೂಳೆ ಎದ್ದಿತು. ಹೆತ್ತವಳ ಅನ್ನ ತಿಂದೇ ಕೆನ್ನೆ ಬತ್ತಿತು.

ಇನ್ನು ಮುಗಿಯಿತು, ಜನಕ್ಕೆ ತಿಳಿಯಿತು ಅಂದುಕೊಂಡಿದ್ದೆ. ನಮ್ಮ ಜನವನ್ನು ನಾನು ಅಷ್ಟು ಮಟ್ಟಿಗೆ ಅರಿತಿರಲಿಲ್ಲ. ಕಣ್ಣೆದುರಿಗೆ ಮನುಷ್ಯ ಬೆವರು ಸುರಿಸಿಕೊಂಡು ಓಡುತ್ತಿದ್ದಾನೆ. ಆದರೂ ಕೆನ್ನೆ ಇಳಿದದ್ದಕ್ಕೆ ಕಾಲು ಕಾರಣ ಅಂತ ಒಬ್ಬರಿಗೂ ಹೊಳೆಯಲಿಲ್ಲ. ಅವರು ಹುಡುಕುತ್ತಿದ್ದದ್ದು ಒಂದು ಕೈಯನ್ನು, ಅದೂ ಹೆಂಗಸಿನ ಕೈಯನ್ನು. ಸೊಸೆ ಇಲ್ಲ ಅಂದಮೇಲೆ ಆ ಮನೆಯಲ್ಲಿ ಉಳಿದಿದ್ದ ಕೈ ಒಂದೇ. ಮಗ ಸೊಸೆ ಹತ್ತಿರ ವಾಪಸು ಹೋಗದಿರಲಿ ಅಂತ ಹನುಮಮ್ಮನೇ ಇಕ್ಕಿದ್ದಾಳೆ ಅಂದರು. ಬಹುಶಃ ಮೊದಲ ಸಲವೂ ಅವಳೇ ಅಂದರು.

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಗೂಳೂರಿನ ಮನೆಯಲ್ಲಿ ಹಿರಿಯರಿಗೆ ಎಡೆ. ಸೊಸೆ ಬರಲೇಬೇಕಾದ ದಿನ, ಹಾಗಾಗಿ ಅಕ್ಕ ನನ್ನನ್ನೂ ಕರೆದುಕೊಂಡು ಹೋದಳು. ಹನುಮಮ್ಮ ನಸುಕಿನಲ್ಲೇ ಎದ್ದು ಒಬ್ಬಳೇ ಅಡುಗೆ ಮಾಡಿದ್ದಳು. ಕೋಳಿ ಸಾರು, ಮುದ್ದೆ, ಕುಕ್ಕೆ ತುಂಬ ವಡೆ. ಎಡೆ ಇಟ್ಟು ಪೂಜೆಯಾಯಿತು. ಕುಣಿಗಲ್‌ನಿಂದ ಕಾಳಯ್ಯ ಬಂದಿದ್ದರು. ದಾಯಾದಿಗಳೂ ಬಂದರು, ಕೈಮುಗಿದರು. ಎಲೆ ಹಾಕುವ ಹೊತ್ತಿಗೆ ಒಬ್ಬನಿಗೆ ಹೊಲದಲ್ಲಿ ಕೆಲಸ, ಒಬ್ಬಳಿಗೆ ಒಪ್ಪತ್ತು, ಇನ್ನೊಬ್ಬಳಿಗೆ ಹೊಟ್ಟೆ ಸರಿಯಿಲ್ಲ. ಎಲ್ಲರೂ ಎದ್ದುಹೋಗಿ ಎದುರು ಜಗಲಿಗಳ ಮೇಲೆ ಕೂತು ಈ ಕಡೆಗೇ ನೋಡುತ್ತಿದ್ದರು. ಕಾಳಯ್ಯ ಕೂಡ ಮೀಸೆ ನೀವಿಕೊಳ್ಳುತ್ತಾ, ‘ಆಮೇಕೆ ಉಣ್ತೀನಿ ಬುಡಕ್ಕ’ ಅಂತ ಅಂಗಳಕ್ಕಿಳಿದರು.

ಹನುಮಮ್ಮ ಸಾರಿನ ಸೌಟು ಹಿಡಿದು ನಡುಮನೆಯಲ್ಲಿ ನಿಂತೇ ಇದ್ದಳು. ಆ ನೆಪಗಳೆಲ್ಲ ಅವಳಿಗೆ ಗೊತ್ತಿದ್ದವು, ತಾನೇ ಹೇಳಿದ್ದವು. ನನಗೆ ಒಳಗೊಳಗೇ ಎಂಥ ತೃಪ್ತಿ! ‘ಈಗ ಗೊತ್ತಾಯ್ತಲ್ಲ’ ಅಂತ ಅಕ್ಕನ ಕಿವಿಯಲ್ಲಿ ಅಂದೆ. ಅಕ್ಕ ತಿರುಗಿ ನನ್ನನ್ನು ದುರುಗುಟ್ಟಿ ನೋಡಿದಳು.

ಸೊಸೆಯಾದವಳು ಗಂಡಸರೆಲ್ಲ ಉಂಡ ಮೇಲೆ, ಎಲ್ಲರಿಗಿಂತ ಕೊನೆಗೆ, ಅಡುಗೆಮನೆಯ ಮೂಲೆಯಲ್ಲಿ ಉಣ್ಣುವುದು ಆ ಮನೆಯ ರೂಢಿ. ಅಕ್ಕ ಒಂದು ಎಲೆ ತೆಗೆದುಕೊಂಡು ಹೊರಗೆ ಜಗಲಿಗೆ ಬಂದಳು. ಇಡೀ ಬೀದಿಗೆ ಕಾಣುವಂತೆ ಎಲೆ ಹಾಸಿ, ನೀರು ಚಿಮುಕಿಸಿ, ಚಕ್ಕಳಮಕ್ಕಳ ಹಾಕಿಕೊಂಡು ಕೂತಳು. ‘ಅತ್ತೆಮ್ಮ, ಹೊಟ್ಟೆ ಹಸೀತಾ ಐತೆ. ಮುದ್ದೆ ತನ್ನಿ’ ಅಂದಳು. ತುಮಕೂರಿನಲ್ಲಿ ಅವಳು ಆಡುತ್ತಿದ್ದ ಮಾತು ಅದಾಗಿರಲಿಲ್ಲ, ನಮ್ಮ ಹಾಗಲವಾಡಿಯ ಮಾತು.

ಹನುಮಮ್ಮ ಬಂದಳು. ಇಟ್ಟ ಮುದ್ದೆ ಎಲೆಯ ಅಂಚಿಗೆ ಬಿತ್ತು. ಅಕ್ಕ ಅದನ್ನು ನಡುವಿಗೆ ಎಳೆದುಕೊಂಡು, ಗುಳಿ ಮಾಡಿ ಸಾರು ಹಾಕಿಸಿಕೊಂಡು ಉಣ್ಣತೊಡಗಿದಳು. ಅವಸರವಿಲ್ಲ. ಯಾರನ್ನೂ ತಲೆಯೆತ್ತಿ ನೋಡಲಿಲ್ಲ. ಬಾವ ಬಂದು ಪಕ್ಕದಲ್ಲಿ ಕೂತು ‘ನಂಗೂ ಇಕ್ಕವ್ವ’ ಅಂದರು. ಅಕ್ಕ ಎಡಗೈಯಲ್ಲಿ ನನ್ನ ಲಂಗ ಹಿಡಿದು ಎಳೆದಳು, ನಾನೂ ಕೂತೆ.

ಹನುಮಮ್ಮನಿಗೆ ಅಳು ತಡೆಯಲಾಗಲಿಲ್ಲ. ‘ನಾನು ನಿನ್ ಕೈ ನೀರು ಮುಟ್ನಿಲ್ಲ. ನೀನು ಬಂದು ನನ್ ಕೈಲಿ ಉಣ್ತಾ ಇದೀಯಲ್ಲ ತಾಯಿ...’

‘ಅದೆಲ್ಲ ಆಮೇಲೆ. ಸಾರಿಗೆ ಉಪ್ಪು ಕಮ್ಮಿ ಆಗೈತೆ. ಹೋಗಿ ಉಪ್ಪು ತನ್ನಿ’ ಅಂದಳು ಅಕ್ಕ.

ಹನುಮಮ್ಮ ಕಣ್ಣೊರೆಸಿಕೊಂಡು ಒಳಗೆ ಹೋಗಿ ಉಪ್ಪು ತಂದಳು. ಅಕ್ಕ ಒಂದು ಚಿಟಿಕೆ ಸಾರಿಗೆ ಹಾಕಿ ಕಲಸಿದಳು. ಆಮೇಲೆ ತನ್ನ ಎಲೆಯಿಂದಲೇ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಬಗ್ಗಿ ನಿಂತಿದ್ದ ಅತ್ತೆಯ ಬಾಯಿಗೆ ಹಿಡಿದಳು.

‘ಸರಿ ಆಯ್ತಾ ನೋಡಿ’ ಅಂದಳು.

ಹನುಮಮ್ಮ ಒಂದು ಗಳಿಗೆ ಆ ಕೈಯನ್ನು ನೋಡಿದಳು. ಬೀದಿಯವರೆಲ್ಲ ನೋಡುತ್ತಿದ್ದರು. ಬಾಯಿ ತೆರೆದಳು, ನುಂಗಿದಳು.

‘ಸರಿ ಐತೆ ಕಣವ್ವ’ ಅಂದಳು.